ಹಳೇ ದೋಣಿಗೆ ಹದಿನೈದು ಎಚ್‌ಪಿ

ಗೌರಿಬಿದನೂರಿನ ಬಸ್ಸಿನಲ್ಲಿ ಅಂಬರೀನ್‌ಗೆ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸೀಟಿನ ಇಬ್ಬರು ಗೋಣಿಚೀಲ ಸುತ್ತಿದ ದೋಣಿಯ ಎಂಜಿನ್ನನ್ನು ಕೆಳಗೆ ಮಲಗಿಸಿದ್ದರು. ಅದರ ಫ್ಯಾನು ಅವಳ ಚಪ್ಪಲಿಗೆ ತಾಗುತ್ತಿತ್ತು.

“ಐದು ಎಚ್‌ಪಿ ಸಾಕು ಅಂದಿದ್ನಲ್ಲ, ನರಸಿಂಹಣ್ಣ. ಹದಿನೈದು ಯಾಕೆ ತಂದೆ?”

“ಐದು ಎಚ್‌ಪಿ ನಮ್ಮ ಬೋರ್‌ವೆಲ್ಲಲ್ಲೇ ನೀರೆತ್ತಲ್ಲ, ನಯೀಮಪ್ಪ.”

“ನೀರೆತ್ತಕ್ಕಲ್ಲ ಅಣ್ಣ, ದೋಣಿ ಓಡ್ಸಕ್ಕೆ! ಹಿಂದೂಪುರದಿಂದ ತಂದ ಮುದಿ ದೋಣಿ ಅದು. ಎಂಜಿನ್ ಕೂರಿಸೋ ಹಿಂದಿನ ಹಲಗೆಗೆ ಬೆರಳಿಟ್ರೆ ಒಳಕ್ಕೆ ಹೋಗುತ್ತೆ.”

“ಎರಡೂ ಕಡೆ ತಗಡು ಕೊಟ್ಟು ಬೋಲ್ಟ್ ಬಿಗಿಯಣ.”

“ಬೋಲ್ಟ್ ನಿಲ್ಲುತ್ತೆ, ಹಲಗೆ ನಿಲ್ಲಲ್ಲ. ನೀನು ಗೇರ್ ಹಾಕಿದ ತಕ್ಷಣ ಎಂಜಿನ್ ಒಂದು ಕಡೆ, ನಾವೊಂದು ಕಡೆ.”

“ಇವತ್ತು ನಮ್ಮೂರ ಕೆರೆಗೆ ದೋಣಿ ಇಳಿಸ್ತೀವಿ ಅಂತ ಊರಿಗೆಲ್ಲ ಹೇಳಿದೀನಿ ಕಣೋ. ಎಲ್ಲರೆದುರಿಗೆ ಸೊಳ್ಳೆ ಥರ ಗುಂಯ್ ಅಂದ್ರೆ ಮರ್ಯಾದೆ ಇರುತ್ತಾ?”

“ಸರಿ. ನಿಂಗೆ ಈಜು ಬರುತ್ತಾ?”

“ನಾನು ಹುಡುಗ ಆಗಿದ್ದಾಗ ಆ ಕೆರೇಲಿ ಕ್ರಿಕೆಟ್ ಆಡ್ತಿದ್ವಿ. ಈಜು ಎಲ್ಲಿ ಕಲೀಲಿ?”

ಕೆರೆ ಏರಿಯ ಬಳಿ ಬಸ್ಸು ನಿಂತಿತು. ಇಬ್ಬರೂ ತಿಣುಕುತ್ತ ಎಂಜಿನ್ನನ್ನು ಇಳಿಸಿಕೊಂಡರು. ಅಂಬರೀನ್‌ಳ ಕಿಟಕಿಯ ಕೆಳಗೆ ನಿಂತು ನಯೀಮ್ ಹೆಗಲಲ್ಲಿದ್ದ ಹಗ್ಗವನ್ನು ತೋರಿಸಿದ.

“ಇರೋದು ಒಂದೇ ಹಗ್ಗ. ಎಂಜಿನ್‌ಗೆ ಕಟ್ಲಾ, ನಿಂಗೆ ಕಟ್ಲಾ?”

ಕಂಡಕ್ಟರ್ ಸೀಟಿ ಊದುವವರೆಗೂ ನರಸಿಂಹಪ್ಪ ಯೋಚಿಸಿದ.

“ಎಂಜಿನ್‌ಗೇ ಕಟ್ಟಪ್ಪ. ಮುಳುಗಿದ್ರೆ ನಾನು ಕೂಗ್ಕೋತೀನಿ, ಅದು ಕೂಗಲ್ಲ.”