ದೀಪ ಹಚ್ಚಿದ ಮೇಲೆ ಕೇಳಿದ ಐವತ್ತು ರೂಪಾಯಿ

ಇಂದ್ರಾಬಾಯಿ ಗಂಡ ದಿವಂಗತ ರೇವಣಪ್ಪ ಬಳಿಗಾರ, ವಯಸ್ಸು 54 ವರ್ಷ, ಉದ್ಯೋಗ ಬಳೆ ವ್ಯಾಪಾರ, ವಾಸ ಹಳೇ ಬಜಾರ, ಸಿಂದಗಿ, ಜಿಲ್ಲೆ ಬಿಜಾಪುರ. ನಿನ್ನೆಯಿಂದ ಕಾಣೆಯಾಗಿರುವ ಸಂಗಮೇಶ ತಂದೆ ಬಸಂತರಾಯ ಯಂಕಂಚಿ, ವಯಸ್ಸು 38 ವರ್ಷ, ಇವನ ಬಗ್ಗೆ ಠಾಣೆಯಲ್ಲಿ ವಿಚಾರಿಸಲಾಗಿ ನಾನು ಹೇಳಿ ಬರೆಸುವುದೇನೆಂದರೆ:

ಸಂಗಮೇಶನು ನಮ್ಮ ಬಜಾರದ ಒಂದು ಪತ್ತಿನ ಸಂಘದ ಪಿಗ್ಮಿ ಏಜೆಂಟ. ದಿನಾ ಸಂಜೆ ಆರಕ್ಕೆ ಅಂಗಡಿ ಅಂಗಡಿಗೆ ಬಂದು ಹತ್ತು ರೂಪಾಯಿಯಂತೆ ಉಳಿತಾಯದ ಹಣ ಪಡೆದು, ಪಾವತಿ ಹರಿದುಕೊಟ್ಟು, ಮರುದಿನ ಸಂಘಕ್ಕೆ ಕಟ್ಟುವುದು ಅವನ ಕೆಲಸ. ನನ್ನದು ಒಟ್ಟು 6,340 ರೂಪಾಯಿ ಜಮಾ ಇತ್ತು.

ದಿನಾಂಕ 12-3-2002ರಂದು ಸಂಘಕ್ಕೆ ಬೀಗ ಬಿತ್ತು. ದೊಡ್ಡವರೆಲ್ಲ ರಾತ್ರೋರಾತ್ರಿ ಊರು ಬಿಟ್ಟರು. ಬಜಾರದವರ ಕೈಗೆ ಸಿಕ್ಕವನು ಸಂಗಮೇಶ ಒಬ್ಬನೇ. 14ನೇ ತಾರೀಖು ಬೆಳಿಗ್ಗೆ 11 ಗಂಟೆಗೆ ನಾನು ಅವನನ್ನು ನನ್ನ ಅಂಗಡಿಯ ಮುಂದೆ ನಿಲ್ಲಿಸಿ, ಎಂಟು ಹತ್ತು ಜನರ ಎದುರಿಗೆ ಬೈದೆ. ಆಡಿದ ಮಾತು ಆಡಿದಂತೆಯೇ ಬರೆದುಕೊಳ್ಳಬೇಕು: "ಸಂಘದ ಮಾರಿ ನಾ ನೋಡಿಲ್ಲ. ರೊಕ್ಕ ನಿನ್ನ ಕೈಯಾಗ ಕೊಟ್ಟೇನಿ, ನಿನ್ನ ಕೈಲೇನ ತಗೋತೇನಿ." ನನ್ನ ಬಾಯಿ ಜೋರು ಎಂಬುದು ಇಡೀ ಸಿಂದಗಿಗೆ ಗೊತ್ತಿದೆ.

20ನೇ ತಾರೀಖು ಸಂಜೆ ಆರಕ್ಕೆ ಅದೇ ಚೀಲ ಹಾಕಿಕೊಂಡು ಬಂದು ನನಗೆ ಹತ್ತು ರೂಪಾಯಿ ವಾಪಸು ಕೊಟ್ಟ. ಏನಪ್ಪಾ ಇದು ಎಂದು ಕೇಳಿದ್ದಕ್ಕೆ, ಹೆಂಗ ತಗೊಂಡಿದ್ದೆನೋ ಹಂಗ ಕೊಡ್ತೇನಿ ಎಂದ. ಹೀಗೆ ಇಪ್ಪತ್ತೆರಡು ಅಂಗಡಿಗೆ ದಿನಾ ಹತ್ತು ರೂಪಾಯಿ ಕೊಡುತ್ತಾ ಬಂದ. ಬಜಾರ ಬಂದ್ ಇದ್ದ ದಿನ ಮನೆಗೇ ಬಂದು ಕೊಟ್ಟ. ನಾವು ಇಪ್ಪತ್ತೆರಡು ಮಂದಿಯೂ ತೆಗೆದುಕೊಂಡೆವು. ಎಲ್ಲಿಂದ ತರುತ್ತೀ ಎಂದು ಒಬ್ಬರೂ ಕೇಳಲಿಲ್ಲ.

ಮೊದಲು ಅವನ ಲೂನಾ ಗಾಡಿ ಮಾರಿದ್ದು ಕಣ್ಣಿಗೆ ಬಿತ್ತು. ಜೂನ್ ತಿಂಗಳಲ್ಲಿ ಅವನ ಹೆಂಡತಿ ಸುನಂದಾ ನನ್ನ ಅಂಗಡಿಗೆ ಬಂದು ಎರಡು ಡಜನ್ ಗಾಜಿನ ಬಳೆ ಕೇಳಿದಳು. ಕೈಯಲ್ಲಿದ್ದ ಬಂಗಾರದ ಪಾಟ್ಲಿ ಬಳೆ ಎಲ್ಲಿ ಎಂದು ನಾನು ಕೇಳಲಿಲ್ಲ. ಅವಳ ಮದುವೆಯಿಂದಲೂ ಎರಡು ಆರರ ಅಳತೆ ಇಡಿಸುತ್ತಿದ್ದೆ. ಆ ದಿನ ಅದಕ್ಕಿಂತ ಸಣ್ಣ ಎರಡು ನಾಲ್ಕರ ಬಳೆ ಎಣ್ಣೆ ಹಚ್ಚದೆಯೇ ಕೈಗೆ ಏರಿತು.

ಆಗಸ್ಟ್ 19ನೇ ತಾರೀಖು ಸಂಗಮೇಶ ಆರಕ್ಕೆ ಬಂದು ಹತ್ತು ರೂಪಾಯಿ ಕೊಟ್ಟು ಹೋದವನು, ಆರೂ ಮುಕ್ಕಾಲಿಗೆ ಮತ್ತೆ ಬಂದು ಮತ್ತೊಂದು ಹತ್ತು ರೂಪಾಯಿ ಕೊಟ್ಟ. ಮೊದಲು ಬಂದದ್ದು ಅವನಿಗೆ ನೆನಪಿರಲಿಲ್ಲ. ನೋಟನ್ನು ಮೂರು ಸಲ ಎಣಿಸಿದ, ಇದ್ದದ್ದು ಒಂದೇ ನೋಟು. ಎರಡನೆಯದನ್ನೂ ನಾನು ಇಟ್ಟುಕೊಂಡೆ. ಠಾಣೆಯಲ್ಲಿ ಕೂತು ಸುಳ್ಳು ಹೇಳುವುದಿಲ್ಲ.

ಸೆಪ್ಟೆಂಬರ್ ಕೊನೆಗೆ ಸುನಂದಾ ಬಂದು ಅತ್ತಳು. ಗಂಡ ನೂರಕ್ಕೆ ಐದರ ಬಡ್ಡಿಗೆ ಸಾಲ ತಂದು ಹಂಚುತ್ತಿದ್ದಾನೆ, ಒಂದೂವರೆ ತಿಂಗಳಿಂದ ನಿದ್ದೆ ಇಲ್ಲ, ಉಣ್ಣಲು ಕೂತರೆ ಅಂಗಡಿಕಾರರ ಹೆಸರು ಒಂದೊಂದಾಗಿ ಹೇಳುತ್ತಾ ಕೂಡುತ್ತಾನೆ, ಬಿಜಾಪುರದಲ್ಲಿ ತಲೆಯ ಡಾಕ್ಟರಿಗೆ ತೋರಿಸಬೇಕು, ಬರಲು ಒಪ್ಪುತ್ತಿಲ್ಲ ಎಂದಳು. ಅವತ್ತು ಸಂಜೆ ನಾನು ಅವನಿಗೆ ಹೇಳಿದೆ: "ಸಾಕು ಬಿಡೋ ತಮ್ಮಾ, ನನ್ನ ರೊಕ್ಕ ಹೊಳ್ಯಾಗ ಹೋತು ಅಂತ ತಿಳಕೋತೇನಿ. ಒಂದಿನ ದವಾಖಾನಿಗೆ ಹೋಗಿ ಬಾ." ಅದಕ್ಕೆ ಅವನು, "ಒಂದಿನ ಬರಲಿಲ್ಲಂದ್ರ ಸಂಗಮೇಶನೂ ಓಡಿ ಹೋದ ಅಂತಾರ್ರಿ ಅಕ್ಕಾರ" ಎಂದ.

ನಿನ್ನೆ ದಿನಾಂಕ 7-10-2002, ಸೋಮವಾರ, ಘಟಸ್ಥಾಪನೆಯ ದಿನ. ಸಂಜೆ 6-20ಕ್ಕೆ ನಾನು ಅಂಗಡಿಯಲ್ಲಿ ದೀಪ ಹಚ್ಚಿದೆ. 6-25ಕ್ಕೆ ಸಂಗಮೇಶ ಬಂದ. ಹೆಗಲಲ್ಲಿ ಚೀಲ ಇರಲಿಲ್ಲ. ಮೆಟ್ಟಿಲ ಕೆಳಗೇ ನಿಂತು, ಬಿಜಾಪುರದ ದವಾಖಾನೆಗೆ ಹೋಗಲು ಒಪ್ಪಿದ್ದೇನೆ, ಇಬ್ಬರ ಬಸ್ ಚಾರ್ಜಿಗೆ ಐವತ್ತು ರೂಪಾಯಿ ಬೇಕಿತ್ತು ಎಂದು ಕೇಳಿದ. ದೀಪ ಹಚ್ಚಿದ ಮೇಲೆ ಗಲ್ಲಾದಿಂದ ರೊಕ್ಕ ಹೊರಗೆ ಕೊಟ್ಟರೆ ಲಕ್ಷ್ಮಿ ಹೋಗುತ್ತಾಳೆಂದು ನಮ್ಮ ಅತ್ತೆಯ ಕಾಲದಿಂದ ನಮ್ಮಲ್ಲಿ ಕೊಡುವುದಿಲ್ಲ. ಅದರಲ್ಲೂ ನವರಾತ್ರಿಯ ಮೊದಲ ದಿನ. "ದೀಪ ಹಚ್ಚೇನಲ್ಲೋ ತಮ್ಮಾ, ಮುಂಜಾನಿ ಬಾ, ಬೋಣಿ ಆದ ಕೂಡಲೇ ಕೊಡ್ತೇನಿ" ಎಂದೆ. ಅವನು "ಆತ್ರಿ ಅಕ್ಕಾರ" ಎಂದ. ದೀಪದ ಕಡೆ ನೋಡಿ ಕೈ ಮುಗಿದ. ಬಸ್ ನಿಲ್ದಾಣ ನಮ್ಮ ಅಂಗಡಿಯಿಂದ ಬಲಕ್ಕೆ ಅರ್ಧ ಕಿಲೋಮೀಟರ್. ಅವನು ಎಡಕ್ಕೆ ನಡೆದು ಹೋದ. ಬಿಳಿ ಅಂಗಿ, ಕಂದು ಪ್ಯಾಂಟು, ಕಾಲಲ್ಲಿ ಹವಾಯಿ ಚಪ್ಪಲಿ ಇದ್ದವು.

ಇವತ್ತು ಬೆಳಿಗ್ಗೆ ಬೋಣಿ ಆಗುವ ಮೊದಲೇ ಐವತ್ತು ರೂಪಾಯಿ ತೆಗೆದಿಟ್ಟು ಕಾದೆ. ಹತ್ತು ಗಂಟೆಗೆ ಸುನಂದಾ ಬಂದಳು. ನೀನು ನಿಲ್ದಾಣದಲ್ಲಿ ಕೂತಿರು, ಚಾರ್ಜು ತರುತ್ತೇನೆ ಎಂದು ಹೇಳಿ ಹೋದ ಗಂಡನಿಗಾಗಿ ಅವಳು ನಿನ್ನೆ ಆರರಿಂದ ಕೊನೆಯ ಬಸ್ ಹೋಗುವತನಕ ಬುತ್ತಿ ಕಟ್ಟಿಕೊಂಡು ಕೂತಿದ್ದಳಂತೆ. ನಾವಿಬ್ಬರೂ 10-15ರಿಂದ 12-30ರವರೆಗೆ ಉಳಿದ ಇಪ್ಪತ್ತೊಂದು ಅಂಗಡಿಗೂ ಹೋಗಿ ಕೇಳಿದೆವು. ನಿನ್ನೆ ಅವನು ಯಾರ ಬಾಗಿಲಿಗೂ ಹೋಗಿಲ್ಲ. ಬಜಾರದಲ್ಲಿ ಅವನು ಕೇಳಿದ್ದು ನನ್ನೊಬ್ಬಳನ್ನೇ. ಮಧ್ಯಾಹ್ನವೆಲ್ಲ ಬಾವಿ, ಗುಡಿ, ಪರಿಚಯದವರ ಮನೆ ಹುಡುಕಿ, ಸಿಗದೆ ಠಾಣೆಗೆ ಬಂದೆವು.

ಅವನು ಇನ್ನೂರಾ ಒಂದು ದಿನ ತಪ್ಪದೆ ಬಂದು, ಎರಡು ಸಲ ಕೊಟ್ಟದ್ದೂ ಸೇರಿ, ನನಗೆ 2,020 ರೂಪಾಯಿ ಮುಟ್ಟಿಸಿದ್ದಾನೆ. ಉಳಿದದ್ದು ನನಗೆ ಬೇಡ. ಅವನು ಯಾರ ರೊಕ್ಕವನ್ನೂ ತಿಂದವನಲ್ಲ, ಓಡಿ ಹೋದವನೂ ಅಲ್ಲ. ಅವನ ಮೇಲೆ ನನ್ನ ಯಾವ ಫಿರ್ಯಾದೂ ಇಲ್ಲ, ಇರುವುದು ನನ್ನ ಮೇಲೆ. ತಂದ ಐವತ್ತು ರೂಪಾಯಿಯನ್ನು ಮೇಜಿನ ಮೇಲಿಟ್ಟಾಗ, ಹೇಳಿಕೆಯ ಜೊತೆ ರೊಕ್ಕ ಇಟ್ಟುಕೊಳ್ಳಲು ಬರುವುದಿಲ್ಲ ಎಂದು ಹವಾಲ್ದಾರ ಪರಮಾನಂದ ಅವರು ಹೇಳಿದರು. ಅದು ನನ್ನ ಸೆರಗಿನ ಗಂಟಿನಲ್ಲಿದೆ.

ಈಗ ಸಂಜೆ 6-20. ನವರಾತ್ರಿ ಇದ್ದರೂ ಇವತ್ತು ಅಂಗಡಿಯಲ್ಲಿ ದೀಪ ಹಚ್ಚಿಲ್ಲ. ಅವನು ಸಿಗುವತನಕ ಹಚ್ಚುವುದೂ ಇಲ್ಲ. ಎಲ್ಲಿಯಾದರೂ ಸಿಕ್ಕರೆ ಅವನಿಗೆ ಇಷ್ಟು ಹೇಳಬೇಕು: ಯಾವ ಹೊತ್ತಿಗೆ ಬಂದರೂ ಅಕ್ಕ ರೊಕ್ಕ ಕೊಡುತ್ತಾಳೆ.

ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆದು, ಓದಿ ಕೇಳಿಸಿದ್ದಾರೆ. ಇದರಲ್ಲಿ ಹೆಚ್ಚಿಲ್ಲ, ಕಡಿಮೆಯಿಲ್ಲ, ಎಲ್ಲವೂ ನಿಜವಿರುತ್ತದೆ.

ಸ್ಥಳ: ಸಿಂದಗಿ
ದಿನಾಂಕ: 8-10-2002
ಇಂದ್ರಾಬಾಯಿ ಬಳಿಗಾರ ಇವರ ಎಡಗೈ ಹೆಬ್ಬೆಟ್ಟಿನ ಗುರುತು