ಶೆಲ್ಫಿನ ಮೇಲೆ ಡೆಲ್ಬರ್ಟನ ಬೂಟು

ಇಂದಿನ ಸಮಾರಂಭದ ಅಧ್ಯಕ್ಷತೆ ವಹಿಸಿರುವ ನಮ್ಮ ಮೇಯರ್ ಲಿಂಡೆಮನ್ ಅವರೇ, ಈ ಡ್ರೀಸ್‌ಬಾಕ್ ಕಟ್ಟಡಕ್ಕೆ ಮತ್ತೆ ಜೀವ ಕೊಟ್ಟವರೆಂದು ಈಗಷ್ಟೇ ನಿಮ್ಮೆಲ್ಲರಿಂದ ಚಪ್ಪಾಳೆ ಗಿಟ್ಟಿಸಿದ ಬಿಲ್ಡರ್ ಬ್ರೆಂಟ್ ಓಸ್ವಾಲ್ಟ್ ಅವರೇ, ಪೇಟೆಬೀದಿ ಪುನರುಜ್ಜೀವನ ಸಮಿತಿಯ ಮಾನ್ಯ ಸದಸ್ಯರೇ, ಮೇಲಿನ ಮಹಡಿಗಳಲ್ಲಿ ಹೊಸದಾಗಿ ಮನೆ ಹಿಡಿದಿರುವ ತರುಣ ತರುಣಿಯರೇ, ಹಾಗೂ ಇವತ್ತು ಬಿಯರ್ ಪುಕ್ಕಟೆಯೆಂದು ತಿಳಿದು ಹಿಮ ತುಳಿದುಕೊಂಡು ಬಂದಿರುವ ವೇಬರ್ಟನ್ ನಗರದ ಸಭಿಕ ಮಹಾಶಯರೇ,

ನಿಮಗೆಲ್ಲ ಈ ವೇರಾ ಪೋಪ್ಚೆಫ್‌ಳ ವಂದನೆಗಳು.

ಐದು ನಿಮಿಷ ಮಾತಾಡಿ, ಎಲ್ಲರಿಗೂ ಧನ್ಯವಾದ ಹೇಳಿ, ಫಲಕ ತೆಗೆದುಕೊಂಡು ಕೂತುಬಿಡಿ ಎಂದು ಸಮಿತಿಯವರು ನನಗೆ ಹೇಳಿಕೊಟ್ಟಿದ್ದಾರೆ. ಹಾಗೆಯೇ ಮಾಡುತ್ತೇನೆ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡಬೇಕು. ನಾನು ಮಾತಾಡುತ್ತಾ ಮಾತಾಡುತ್ತಾ ನಿಮ್ಮ ತಲೆಗಳ ಮೇಲಿಂದ ಬಾರ್ ಕಡೆ ನೋಡಿದರೆ ಕುಡಿಯುವ ಆಸೆಯಿಂದ ನೋಡುತ್ತಿದ್ದೇನೆಂದು ತಿಳಿಯಬೇಡಿ. ಬಾಟಲಿಗಳಿಗಿಂತ ಮೇಲೆ, ಮೇಲಿನ ಶೆಲ್ಫಿನಲ್ಲಿ, ಪುಟ್ಟ ದೀಪದ ಕೆಳಗೆ ಒಂದು ಜೋಡಿ ಕಂದು ಬೂಟು ಇಟ್ಟಿದ್ದಾರೆ, ಕಂಡಿತೇ? ಒಂದರ ಅಟ್ಟೆ ಎತ್ತರ, ಇನ್ನೊಂದರದು ಗಿಡ್ಡ. ಆ ಬೂಟಿನ ಯಜಮಾನ ಬದುಕಿದ್ದಾನೆ. ಅವನಿಗೆ ಅದು ಇವತ್ತೇ ಬೇಕು. ಅದನ್ನು ಇಳಿಸಿಕೊಂಡು ಹೋಗುವುದಕ್ಕೆಂದೇ ನಾನು ಬಂದಿರುವುದು.

ಅದಕ್ಕೆ ಬರುತ್ತೇನೆ. ಮೊದಲು ಹೊಗಳಿಕೆ ಮುಗಿಸಿಬಿಡೋಣ.

ಕಟ್ಟಡ ಚೆನ್ನಾಗಿದೆ. ನಿಜವಾಗಿಯೂ ಚೆನ್ನಾಗಿದೆ. ಒಂದು ಕಾಲಕ್ಕೆ ಇದು ನಮ್ಮೂರಿನ ದೊಡ್ಡ ಜವಳಿ ಅಂಗಡಿ. ಮೇಲೆ ಸೂಟು, ಹ್ಯಾಟು; ಕೆಳಗೆ ಈ ಮೂಲೆಯಲ್ಲಿ ನಮ್ಮಪ್ಪ ಸ್ಟೋಯಾನ್ ಪೋಪ್ಚೆಫ್‌ನ ಬೂಟು ರಿಪೇರಿ. ನಾನು ಚಿಕ್ಕವಳಿದ್ದಾಗ ಈ ಕಟ್ಟಡದ ಮೋರೆಗೆ ತಗಡು ಹೊಡೆದರು. ಹೆದ್ದಾರಿಯ ಪಕ್ಕ ಮಾಲ್ ಬಂದಿತ್ತು; ಅದರ ಮುಂದೆ ನಮ್ಮ ಇಟ್ಟಿಗೆ ಮುದಿಯಾಗಿ ಕಾಣುತ್ತದೆಂದು ಅಂದಿನ ಸಮಿತಿಯವರಿಗೆ ನಾಚಿಕೆಯಾಯಿತು. ಮೇಲಿಂದ ಕೆಳಗಿನವರೆಗೆ ತಿಳಿನೀಲಿ ಅಲ್ಯೂಮಿನಿಯಂ! ಕಿಟಕಿಗಳೆಲ್ಲ ಅದರ ಹಿಂದೆ. ಅಂದೂ ಒಬ್ಬ ಮೇಯರ್ ಇದ್ದರು, ಅಂದೂ ರಿಬ್ಬನ್ ಕತ್ತರಿಸಿದರು, ಅಂದೂ ನಾವು ಚಪ್ಪಾಳೆ ತಟ್ಟಿದೆವು. ಅಪ್ಪ ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಬಾಗಿಲಿಗೆ ಬಂದು ಕತ್ತೆತ್ತಿ ನೋಡಿದ. "ಏನೇ ವೇರಾ, ಕಟ್ಟಡಕ್ಕೂ ಹೊಸ ಬೂಟು ಹಾಕಿಬಿಟ್ರಾ? ಕಚ್ಚುತ್ತೆ ನೋಡ್ತಿರು" ಅಂದ.

ಕಚ್ಚಿತು. ಕಿಟಕಿ ಇಲ್ಲದ ಅಂಗಡಿಗೆ ಯಾರು ಬರುತ್ತಾರೆ? ಜವಳಿಯವರು ಬಾಗಿಲು ಹಾಕಿದರು. ಮೇಲಿನ ಮಹಡಿಗಳಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ಉಳಿದವರು ನಾವೊಬ್ಬರೇ. ಆಮೇಲೆ ಬ್ರೆಂಟ್ ಬಂದರು, ತಗಡು ಕಿತ್ತರು, ಒಳಗಿನ ಇಟ್ಟಿಗೆ, ಕಮಾನು, ಕಲ್ಲಿನ ಬಳ್ಳಿ ಎಲ್ಲ ಹೊರಗೆ ಬಂತು. ಆ ದಿನ ಬೀದಿಯಲ್ಲಿ ನಿಂತು ಅತ್ತವರಲ್ಲಿ ನಾನೂ ಒಬ್ಬಳು. ಇಲ್ಲ ಎನ್ನುವುದಿಲ್ಲ.

ಈಗ ಸ್ವಲ್ಪ ನಮ್ಮ ಸ್ವಭಾವದ ಮಾತು. ಹೊರಗಿನಿಂದ ಬಂದ ಈ ತರುಣರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮೂರಿನವರು ಕೇಳುವುದಿಲ್ಲ. ಯಾವುದನ್ನೂ ಬಾಯಿಬಿಟ್ಟು ಕೇಳುವುದಿಲ್ಲ. ಚರ್ಚಿನ ಊಟದಲ್ಲಿ ಕೊನೆಯ ತುಂಡು ಕೇಕು ತಟ್ಟೆಯಲ್ಲೇ ಒಣಗಿ ಕಲ್ಲಾದರೂ ಒಬ್ಬರೂ ಕೈ ಹಾಕುವುದಿಲ್ಲ. ಕಾರು ಹಿಮದಲ್ಲಿ ಹೂತರೆ "ಸ್ವಲ್ಪ ತಳ್ಳಿ" ಎನ್ನುವುದಿಲ್ಲ; ಸಲಿಕೆ ಹಿಡಿದು ಸುಮ್ಮನೆ ನಿಲ್ಲುತ್ತೇವೆ. ಪಕ್ಕದ ಮನೆಯವನು ತಾನಾಗಿ ನೋಡಿ ಬರಬೇಕು. ಅವನು ಬರುತ್ತಾನೆ, ಅದೂ ನಿಜ. ಆದರೆ ನೋಡದಿದ್ದರೆ? ನೋಡದಿದ್ದರೆ ಹೂತುಕೊಂಡೇ ಇರುತ್ತೇವೆ, ಮರ್ಯಾದೆಯಾಗಿ!

ಬ್ರೆಂಟ್ ನನ್ನ ಅಂಗಡಿಗೆ ಬಂದು ಮಾತಾಡಿದ ದಿನವೂ ಹೀಗೆಯೇ ಆಯಿತು.

"ವೇರಾ ಅವ್ರೇ, ಕೆಲಸ ನಡೆಯುವಾಗ ಅಂಗಡಿ ಖಾಲಿ ಮಾಡಬೇಕಾಗುತ್ತೆ. ಆದ್ರೆ ನಿಮ್ಮ ಹೆಸರು ಈ ಕಟ್ಟಡ ಬಿಟ್ಟು ಎಲ್ಲೂ ಹೋಗಲ್ಲ. ಬೋರ್ಡು ಇಲ್ಲೇ ಇರುತ್ತೆ, ನಿಮ್ಮ ಹೊಲಿಗೆ ಮಿಷನ್ನೂ ಇಲ್ಲೇ ಇರುತ್ತೆ."

"ಒಳ್ಳೇದಾಯ್ತಪ್ಪ."

"ನಿಮ್ಮಂಥೋರಿಂದಾನೇ ಈ ಬೀದಿಗೊಂದು ಕಳೆ."

"ಅಯ್ಯೋ, ಬಿಡಿ."

ಇಷ್ಟೇ. ಬೋರ್ಡು ಇರುತ್ತೆ, ಮಿಷನ್ ಇರುತ್ತೆ, ಮತ್ತೆ ನಾನು? ಈ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಬೋರ್ಡೂ ಮಿಷನ್ನೂ ಇದ್ದ ಮೇಲೆ ನಾನಿಲ್ಲದೆ ಇರುತ್ತೇನೆಯೇ ಎಂದುಕೊಂಡೆ. ಬ್ರೆಂಟ್ ಸುಳ್ಳು ಹೇಳಲಿಲ್ಲ, ಅದನ್ನು ಈ ಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ. ಬೋರ್ಡು ಬಾಗಿಲ ಮೇಲೆ ಥಳಥಳ ಹೊಳೆಯುತ್ತಿದೆ. ಮಿಷನ್ ಕಿಟಕಿಯ ಬಳಿ ಇದೆ, ಮೇಲೊಂದು ಗಿಡದ ಕುಂಡ ಇಟ್ಟಿದ್ದಾರೆ. ನಾನು ತಂಗಿಯ ಮನೆಯ ನೆಲಮಾಳಿಗೆಯಲ್ಲಿ ಇದ್ದೇನೆ. ಯಾವಾಗ ಕರೆಯುತ್ತಾರೋ ಎಂದು ದಾರವನ್ನೆಲ್ಲ ಮೇಣಕ್ಕೆ ತೀಡಿ ತೀಡಿ ಇಟ್ಟುಕೊಂಡು ಕಾದೆ. ಕೊನೆಗೆ ಆಮಂತ್ರಣ ಬಂತು: "ಪೋಪ್ಚೆಫ್ ಶೂ ರಿಪೇರಿ, ಕಾಕ್‌ಟೇಲ್ ಮತ್ತು ಕುರುಕುತಿಂಡಿ." ನನ್ನ ಅಂಗಡಿಯ ಹೆಸರಲ್ಲೇ ಬ್ರೆಂಟ್ ಇಲ್ಲಿ ಬಾರ್ ತೆರೆದಿದ್ದರು. ಅಪ್ಪನ ಹೆಸರಿನದೊಂದು ಡ್ರಿಂಕೂ ಇದೆಯಂತೆ. ಅಪ್ಪ ಇದ್ದಷ್ಟು ದಿನ ಮಜ್ಜಿಗೆ ಬಿಟ್ಟು ಬೇರೇನೂ ಕುಡಿದವನಲ್ಲ.

ನಗಿ, ನಗಿ. ನಾನೂ ನಕ್ಕೆ. ನಕ್ಕು, ಮಂಡಿನೋವಿನ ನೆಪ ಹೇಳಿ ಈ ಸನ್ಮಾನ ತಪ್ಪಿಸಿಕೊಳ್ಳಬೇಕೆಂದಿದ್ದೆ. ಅಷ್ಟರಲ್ಲಿ ಇವತ್ತು ಬೆಳಿಗ್ಗೆ ಡೆಲ್ಬರ್ಟ್ ಕ್ರೌಸ್ ಫೋನ್ ಮಾಡಿದ.

ಡೆಲ್ಬರ್ಟ್ ನಿಮ್ಮಲ್ಲಿ ಹಲವರಿಗೆ ಗೊತ್ತು. ಟ್ರಾಕ್ಟರ್ ಕಾರ್ಖಾನೆಯಲ್ಲಿದ್ದವನು. ಹುಟ್ಟಿನಿಂದಲೇ ಅವನ ಎಡಗಾಲು ಗಿಡ್ಡ. ಆ ಕಾಲಿನ ಬೂಟಿನ ಅಟ್ಟೆಯ ಕೆಳಗೆ ಪದರ ಪದರವಾಗಿ ಎತ್ತರ ಕಟ್ಟಿಕೊಡುತ್ತಿದ್ದವರು ಮೊದಲು ನಮ್ಮಪ್ಪ, ಆಮೇಲೆ ನಾನು. ಅವನ ಫೋನು ಹೇಗಿತ್ತೆಂದರೆ:

"ವೇರಾ, ಚಳಿ ಜೋರಾಗಿದೆ ಅಲ್ವಾ?"

"ಜೋರೇ."

"ನಿಮ್ಮ ಕಡೆ ಹಿಮ ಬಿತ್ತಾ?"

"ಬಿತ್ತು. ಏನ್ ಸಮಾಚಾರ ಡೆಲ್ಬರ್ಟ್?"

"ಏನಿಲ್ಲ ಬಿಡು. ಅವಸರ ಏನಿಲ್ಲ. ಸುಮ್ನೆ ಮಾಡ್ದೆ." ಆದರೆ ಫೋನ್ ಇಡಲಿಲ್ಲ. "ಅಲ್ಲಾ, ಆ ಬೂಟು... ನಿಂಗೂ ಕೆಲಸ ಜಾಸ್ತಿ ಇರಬೇಕು. ಅಂಗಡಿ ತುಂಬಾ ಜನ ಇದ್ರಪ್ಪ!"

"ಯಾವ ಅಂಗಡಿ?"

"ನಿಂದೇ ಕಣೇ! ಮತ್ತೆ ಬೋರ್ಡು ಹಾಕಿದೀಯಲ್ಲ. ನೋಡಿ ಎಷ್ಟು ಖುಷಿ ಆಯ್ತು ಗೊತ್ತಾ? ಬೂಟಿನ ಹೊಲಿಗೆ ಬಿಟ್ಟಿತ್ತು, ಕೌಂಟರ್ ಮೇಲೆ ಇಟ್ಟು ಬಂದೆ. ಆ ಗಡ್ಡದವನು ಎರಡೂ ಕೈಯಲ್ಲಿ ಇಸ್ಕೊಂಡ. ಒಂದು ಬಿಯರೂ ಕೊಟ್ಟ. ನಿಮ್ಮಪ್ಪನ ಕಾಲದಲ್ಲಿ ನೀರೂ ಕೊಡ್ತಿರಲಿಲ್ಲ!"

ಯಾವಾಗ ಕೊಟ್ಟೆ ಎಂದು ಕೇಳಿದರೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೂ ಮುಂಚೆ, ನವೆಂಬರಿನಲ್ಲೇ ಎಂದ. ಸ್ವಾಮಿ, ಈಗ ಕ್ರಿಸ್‌ಮಸ್ ಬಂದು ನಿಂತಿದೆ! ಇಷ್ಟು ದಿನ ಆ ಮನುಷ್ಯ ಒಂದು ಫೋನ್ ಮಾಡಲಿಲ್ಲ. ಕೇಳಿದರೆ ನನಗೆ ಬೇಜಾರಾಗುತ್ತದೆಂದು! ನನಗೆ ಎಂಥ ಸಿಟ್ಟು ಬಂತೆಂದರೆ, ಫೋನಿನಲ್ಲೇ ಕೂಗಾಡಿಬಿಟ್ಟೆ. ಆಮೇಲೆ "ಆರ್ಲೀನ್ ಹೇಗಿದಾಳೆ?" ಅಂದೆ.

"ಹೋಗೋಕೆ ಆಗಿಲ್ಲ ಕಣೇ" ಎಂದ.

ಆರ್ಲೀನ್ ಅವನ ಹೆಂಡತಿ. ಲೂಥರನ್ ಚರ್ಚಿನ ಹಿಂದಿನ ಆರೈಕೆ ಮನೆಯಲ್ಲಿದ್ದಾಳೆ. ಕಣ್ಣು ಪೂರ್ತಿ ಹೋಗಿದೆ. ಡೆಲ್ಬರ್ಟ್ ದಿನಾ ಮಧ್ಯಾಹ್ನ ನಡೆದುಕೊಂಡು ಹೋಗುತ್ತಿದ್ದ. ಆ ಮನೆಯೊಳಗಿನ ಉದ್ದ ಓಣಿಯಲ್ಲಿ ಟಕ್, ಧಪ್, ಟಕ್, ಧಪ್ ಎಂದು ಅವನ ಬೂಟಿನ ಸದ್ದು ಕೇಳಿದೊಡನೆ ಅವಳು ಕೂದಲು ಸರಿಮಾಡಿಕೊಳ್ಳುತ್ತಿದ್ದಳಂತೆ. ಈಗ ಅವನಿಗೆ ಮನೆಯ ಚಪ್ಪಲಿಯಲ್ಲಿ ಅಂಚೆಪೆಟ್ಟಿಗೆಯವರೆಗೂ ನಡೆಯಲಾಗದು. ಇನ್ನೊಂದು ಜೋಡಿ ಹೋದ ವರ್ಷವೇ ಸವೆದುಹೋಯಿತು. ಸರಿಮಾಡುವವಳು ನೆಲಮಾಳಿಗೆ ಸೇರಿದ್ದಳಲ್ಲ. ಯಾರಾದರೂ ಕಾರಿನಲ್ಲಿ ಬಿಡಿ ಎಂದು ಕೇಳಬಹುದಿತ್ತು. ಕೇಳುತ್ತಾನೆಯೇ?

"ಅವಳು ಸಿಟ್ಟು ಮಾಡ್ಕೊಂಡಿದಾಳೆ ವೇರಾ. ನಾನು ಚರ್ಚಿನ ಆರ್ಗನ್ ಬಾರಿಸೋಳ ಜೊತೆ ಓಡಿಹೋಗಿದೀನಿ ಅಂತ ನರ್ಸುಗಳ ಹತ್ರ ಹೇಳ್ತಿದಾಳಂತೆ."

"ಆರ್ಗನ್ ಬಾರಿಸೋಳಿಗೆ ನಿನಗಿಂತ ವಯಸ್ಸಾಗಿದೆಯಲ್ಲೋ!"

"ಅದನ್ನೇ ನರ್ಸೂ ಅಂದ್ಲಂತೆ. ಆರ್ಲೀನ್ ನಗಲಿಲ್ವಂತೆ. ಊಟಾನೂ ಸರಿಯಾಗಿ ಮಾಡ್ತಿಲ್ವಂತೆ."

ಹೀಗೆ, ಸಭಿಕರೇ, ಮಂಡಿನೋವು ಮರೆತು ಕೋಟು ಹಾಕಿಕೊಂಡು ಬಂದೆ. ಒಳಗೆ ಕಾಲಿಡುತ್ತಲೇ ಶೆಲ್ಫಿನ ಮೇಲೆ ಆ ಬೂಟು ಕಂಡಿತು. ಆ ಗಡ್ಡದವನು, ಅವನ ಹೆಸರು ಡೆವನ್, ನೀವೇ ನೋಡುತ್ತಿದ್ದೀರಿ, ಅಲ್ಲಿ ಕೆಂಪಗಾಗಿ ನಿಂತಿದ್ದಾನೆ. ಅವನನ್ನು ಕೇಳಿದೆ.

"ಅಯ್ಯೋ ಮೇಡಂ, ಆ ತಾತ ನಮಗೆ ಅಲಂಕಾರಕ್ಕೆ ಅಂತ ಕೊಟ್ರು ಅಂದ್ಕೊಂಡೆ! ಕೌಂಟರ್ ಮೇಲೆ ಇಟ್ರು, ತಲೆ ಆಡಿಸಿದ್ರು, ಹೋದ್ರು. ಎಷ್ಟು ಚೆಂದ ಇದೆ ನೋಡಿ, ಎಲ್ಲರೂ ಫೋಟೋ ತೆಗೀತಾರೆ."

"ಇಳಿಸಿ ಕೊಡಪ್ಪ."

"ಕಾರ್ಯಕ್ರಮ ಮುಗೀಲಿ ಮೇಡಂ. ಈಗ ಏಣಿ ತಂದ್ರೆ ಚೆನ್ನಾಗಿರಲ್ಲ."

ಅವನನ್ನು ಬೈಯಬೇಡಿ. ಪಾಪ, ದಿನಾ ಧೂಳು ಒರೆಸಿ ಇಟ್ಟಿದ್ದಾನೆ. ಬೂಟು ರಿಪೇರಿ ಎಂದು ಬೋರ್ಡು ಹಾಕಿಕೊಂಡ ಜಾಗಕ್ಕೆ ಒಬ್ಬ ಮುದುಕ ಬೂಟು ತಂದು ಕೊಟ್ಟರೆ, ರಿಪೇರಿಗೆ ಕೊಟ್ಟಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಇದು ಒಬ್ಬ ಡೆವನ್‌ನ ತಪ್ಪೇ? ಡೆಲ್ಬರ್ಟ್ ಕೇಳಲಿಲ್ಲ, ಡೆವನ್ ಕೇಳಲಿಲ್ಲ, ನಾನು ಕೇಳಲಿಲ್ಲ, ಬ್ರೆಂಟ್ ಕೇಳಲಿಲ್ಲ. ಎಲ್ಲರೂ ಒಳ್ಳೆಯವರು. ಆ ಕಡೆ ಒಬ್ಬಳು ಓಣಿಗೆ ಕಿವಿಕೊಟ್ಟು ಕೂತಿದ್ದಾಳೆ.

ಅಪ್ಪ ಒಂದು ಮಾತು ಹೇಳುತ್ತಿದ್ದ: "ಇಸ್ಕೊಂಡ ಬೂಟನ್ನ ವಾಪಸು ಕೊಡೋ ತನಕ ಅವರ ಕಾಲು ನಮ್ಮ ಹತ್ರ ಇದೆ ಅಂತ ತಿಳ್ಕೋ." ನನ್ನ ಹೆಸರಿನ ಕೆಳಗೆ ಆ ಬೂಟು ಇಸಿದುಕೊಂಡಿದ್ದಾರೆ. ಹಾಗಾಗಿ ಇನ್ನು ಕಾರ್ಯಕ್ರಮ ಮುಗಿಯುವವರೆಗೆ ಕಾಯುವುದು ನನ್ನಿಂದಾಗದು. ಡೆವನ್, ಏಣಿ ತಗೊಂಬಾ. ಚೆನ್ನಾಗಿರಲ್ಲ ಅಂತೀಯಾ? ಚೆನ್ನಾಗಿರದಿದ್ರೂ ಪರವಾಗಿಲ್ಲ, ತಗೊಂಬಾ!

ಹಾಂ. ಹುಷಾರು, ಬಾಟಲಿ. ಎರಡೂ ಕೊಡು.

ನೋಡಿ, ಪಕ್ಕದ ಹೊಲಿಗೆ ಬಾಯಿಬಿಟ್ಟಿದೆ. ಅಟ್ಟೆ ಗಟ್ಟಿಯಾಗಿದೆ. ಅದು ನಾನೇ ಕಟ್ಟಿದ್ದು, ಹೇಳಿಕೊಳ್ಳುತ್ತೇನೆ. ದಾರ, ದಬ್ಬಳ ನನ್ನ ಕೈಚೀಲದಲ್ಲಿವೆ. ಆ ಮಿಷನ್ನಿಗೆ ಕರೆಂಟು ಬೇಡ, ತುಳಿದರೆ ಸಾಕು. ಕುಂಡ ಇಟ್ಟವರು ಅದನ್ನು ಇಳಿಸಿ. ಮೇಯರ್ ಅವರೇ, ಈ ಫಲಕವನ್ನು ಸ್ವಲ್ಪ ಹಿಡಿದುಕೊಂಡಿರಿ, ನನಗೆ ಎರಡೂ ಕೈ ಬೇಕು. "ಪೇಟೆಬೀದಿಯ ಹೃದಯ" ಎಂದು ಬರೆಸಿದ್ದೀರಿ. ಕೃತಜ್ಞಳಾಗಿದ್ದೇನೆ. ವ್ಯಂಗ್ಯವಲ್ಲ, ಎರಡು ಸಲ ಓದಿಕೊಂಡೆ.

ಕೂರುವ ಮೊದಲು ಎರಡು ಕೇಳುತ್ತೇನೆ. ಈ ವಯಸ್ಸಿಗೆ ಮೊದಲ ಸಲ ಕೇಳುತ್ತಿದ್ದೇನೆ, ತಪ್ಪಿದರೆ ಕ್ಷಮಿಸಿ.

ಬ್ರೆಂಟ್, ಕಿಟಕಿಯ ಪಕ್ಕದ ಆ ಮೂಲೆ ನನಗೆ ಬೇಕು. ಮಿಷನ್ನು, ಒಂದು ಸ್ಟೂಲು, ಹಗಲು ಹೊತ್ತು, ಅಷ್ಟೇ. ನೀವು ಬಾಗಿಲು ತೆಗೆಯುವುದೇ ಸಂಜೆಗೆ. ಬಾರ್ ನಡೆಸಿ, ಚೆನ್ನಾಗಿ ನಡೆಸಿ. ಆದರೆ ಬೋರ್ಡಿನ ಕೆಳಗೆ ನಾನಿರಬೇಕು. ಕೊಡುತ್ತೀರಾ? "ನೋಡೋಣ" ಎನ್ನಬೇಡಿ, ನಮ್ಮೂರಲ್ಲಿ ಹಾಗೆಂದರೆ ಇಲ್ಲ ಎಂದರ್ಥ. ಈ ಹೊಲಿಗೆ ಮುಗಿಯುವವರೆಗೆ ಯೋಚಿಸಿ, ಆಮೇಲೆ ಹೌದು ಅನ್ನಿ, ಇಲ್ಲ ಅನ್ನಿ.

ಎರಡನೆಯದು, ನಿಮ್ಮಲ್ಲಿ ಇನ್ನೂ ಕುಡಿಯದವರು ಒಬ್ಬರಾದರೂ ಇದ್ದರೆ, ಕಾರು ತೆಗೆಯಿರಿ. ಮೊದಲು ಡೆಲ್ಬರ್ಟನ ಮನೆ, ಅಲ್ಲಿಂದ ಅವನನ್ನು ಕೂರಿಸಿಕೊಂಡು ಆರ್ಲೀನ್ ಹತ್ತಿರ. ಅವನನ್ನು ಬಾಗಿಲ ಹತ್ತಿರ ಬಿಟ್ಟರೆ ಸಾಕು. ಓಣಿಯನ್ನು ಅವನೇ ನಡೆಯಲಿ.

ಆಯಿತು, ಎರಡೂ ಕೇಳಿದೆ. ಪ್ರಾಣವೇನೂ ಹೋಗಲಿಲ್ಲ.

ನನ್ನನ್ನು ಕರೆದ ಸಮಿತಿಗೆ, ಫಲಕ ಹಿಡಿದು ನಿಂತಿರುವ ಅಧ್ಯಕ್ಷರಿಗೆ, ಏಣಿ ಹತ್ತಿದ ಡೆವನ್‌ಗೆ, ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲರಿಗೂ ಧನ್ಯವಾದಗಳು. ಇನ್ನು ಮಿಷನ್ ಸದ್ದು ಮಾಡುತ್ತದೆ, ನಾನು ಮಾತಾಡಿದರೂ ಕೇಳಿಸದು. ನಮಸ್ಕಾರ.