ಕೌದಿಯ ಅಸ್ತರು

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಅತ್ತೆಯೊಬ್ಬರು ಕೌದಿ ಹೊಲಿಯುತ್ತ ಕೂತಿದ್ದರು. ಪಕ್ಕದಲ್ಲಿದ್ದ ಕಿರಿಸೊಸೆಯ ಮುಖ ಊದಿತ್ತು. ಅದು ಹಲ್ಲುನೋವಿನ ಊತವಲ್ಲವೆಂದು ಚೀಟಿ ಬರೆಯುವವಳಿಗೆ ಕೂಡಲೇ ಗೊತ್ತಾಯಿತು.

"ಇಲ್ಲೂ ಸೂಜಿ ಬಿಡಲ್ವಲ್ಲ ಅತ್ತೆ!"

"ನಲವತ್ತು ವರ್ಷದ ಚಾಳಿ ಕಣೇ. ಕೈ ಸುಮ್ನಿದ್ರೆ ಬಾಯಿ ಸುಮ್ನಿರಲ್ಲ."

"ಅಕ್ಕ ಕೊಟ್ಟ ಜರಿ ಬಟ್ಟೆ ನಟ್ಟನಡುವೆ ಮೆರೀತಿದೆ. ನಾನು ಕೊಟ್ಟ ಹತ್ತಿ ನೈಟಿ ಎಲ್ಲಿ?"

"ಅಸ್ತರಿಗೆ ಹಾಕಿದೀನಿ."

"ಗೊತ್ತಿತ್ತು! ಯಾರ ಕಣ್ಣಿಗೂ ಬೀಳಬಾರ್ದು, ಅಲ್ವಾ?"

"ಅಯ್ಯೋ ಹುಚ್ಚಿ, ದೊಡ್ಡವಳ ಜರಿ ಚುಚ್ಚುತ್ತೆ. ನಿಂದು ಮೆತ್ತಗಿದೆ. ಹೊದ್ಕೊಂಡಾಗ ನನ್ನ ಮೈಗೆ ತಾಗೋದು ನಿಂದೇ."

ಚೀಟಿಯವಳು ಅತ್ತೆಯನ್ನು ಒಳಗೆ ಕರೆದಳು. ಕಿರಿಸೊಸೆ ಅಸ್ತರು ಮೇಲೆ ಕಾಣುವಂತೆ ಕೌದಿಯನ್ನು ಮಡಚಿ ಎದೆಗವಚಿಕೊಂಡು ಎದ್ದಳು.

"ಸರಿ ಅತ್ತೆ. ಇದೇ ಮಾತನ್ನ ಅಕ್ಕನ ಮುಂದೆ ಒಂದ್ಸಲ ಹೇಳಿ."